ವಾಸನೆ ಬಾರದ ವಾರಸುದಾರ

ನಾಬುಲ್ ಪಟ್ಟಣದಲ್ಲಿ ಕಿತ್ತಳೆ ಹೂ ಬಿಡುವ ಕಾಲಕ್ಕೆ ಯಾರ ತಲೆಯೂ ನೆಟ್ಟಗಿರುವುದಿಲ್ಲ. ಎಮ್ನಾಳದ್ದಂತೂ ಮೊದಲೇ ಕೆಟ್ಟಿತ್ತು. ಅಪ್ಪ ಸಿ ಹೆದಿ ಆ ಹೂ ಕುದಿಸಿ ಪನ್ನೀರಿನಂಥ ಹೂನೀರು ಇಳಿಸುವ, ತಾವೇ ಕಟ್ಟಿದ ಕಂಪನಿಯನ್ನು ಹೋದ ವಾರವಷ್ಟೇ ಅವಳಿಗೆ ಒಪ್ಪಿಸಿದ್ದರು. ಒಪ್ಪಿಸಿದ್ದು ಹೆಸರಿಗೆ. ದಿನಾ ಬೆಳಿಗ್ಗೆ ಭಟ್ಟಿಯ ಪಕ್ಕ ಕುರ್ಚಿ ಹಾಕಿಕೊಂಡು, "ನಾನೇನೂ ಮಾತಾಡಲ್ಲಮ್ಮ" ಅನ್ನುತ್ತಲೇ ಎಲ್ಲದಕ್ಕೂ ಬಾಯಿ ಹಾಕುತ್ತಿದ್ದರು.

ಅವತ್ತು ಎದುರು ಬೀದಿಯ ಕಂಪನಿಯಿಂದ ಸ್ಕಂದರ್ ಬಂದ. ಹಂಗಾಮಿನ ಮೊದಲ ಹೂನೀರನ್ನು ಎದುರು ಮನೆಯವರು ಕಾಫಿಗೆ ಬೆರೆಸಿ ಕುಡಿದು, ಹೇಗಿದೆಯೆಂದು ಮುಖಕ್ಕೇ ಹೇಳಬೇಕು. ಎರಡೂ ಮನೆಯ ಪದ್ಧತಿ ಅದು. ಪ್ರತಿ ವರ್ಷ ಅವನಪ್ಪ ಬರುತ್ತಿದ್ದರು. ಶುಕ್ರವಾರ ಮಗನೇ ಯಜಮಾನನಾಗುವುದರಿಂದ ಈ ಸಲ ಅವನು.

ಎಮ್ನಾಗೆ ತುಂಟತನ. ಕಾಫಿಗೆ ನಲ್ಲಿ ನೀರನ್ನೇ ಬೆರೆಸಿ ಕೊಟ್ಟಳು. ಬೆರಳಿಗೆ ಬೆರಳು ತಾಗಿ ಅವನ ಕಿವಿ ಕೆಂಪಾಯಿತು. ಕಣ್ಣು ಮುಚ್ಚಿ ಹೀರಿದ.

"ಆಹಾ! ತೋಟಕ್ಕೆ ತೋಟವೇ ಕಪ್ಪಿನಲ್ಲಿದೆ!"

"ಹೌದಾ? ನಾನು ಹಾಕಿದ್ದು ನಲ್ಲಿ ನೀರು. ಬೆಣ್ಣೆ ಹಚ್ಚೋಕೆ ಬಂದ್ಯಾ?"

ಹೋದ ಬೇಸಿಗೆಯಿಂದ ಅವನ ಒಂದೊಂದು ನೋಟವನ್ನೂ ಜೋಪಾನ ಮಾಡಿಟ್ಟುಕೊಂಡಿದ್ದಳು. ಅವೂ ಸುಳ್ಳೇ ಏನೋ ಎಂದು ಸಂಕಟವಾಯಿತು.

ಸ್ಕಂದರ್ ಕಪ್ಪು ಕೆಳಗಿಟ್ಟ. "ನನಗೆ ವಾಸನೆ ಬರಲ್ಲ, ಎಮ್ನಾ. ಚಿಕ್ಕಂದಿನ ಜ್ವರದಲ್ಲಿ ಹೋಯ್ತು."

"ಅಯ್ಯೋ! ಮತ್ತೆ ಇಷ್ಟು ವರ್ಷ?"

"ತಂಗಿ ರೀಮ್ ಇದ್ದಾಳಲ್ಲ. ಅವಳು ಮೂಸಿ ನೋಡಿ ಮೇಜಿನ ಕೆಳಗೆ ನನ್ನ ಕಾಲು ತುಳೀತಾಳೆ. ಒಂದು ಸಲ ತುಳಿದ್ರೆ ಚೆನ್ನಾಗಿದೆ, ಎರಡು ಸಲ ತುಳಿದ್ರೆ ಕೆಟ್ಟಿದೆ."

ಎಮ್ನಾಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ಯಜಮಾನಿಕೆ ಅವಳಿಗೇ ಸೇರ್ಬೇಕಪ್ಪ."

"ಅದನ್ನೂ ಬಿಟ್ಕೊಟ್ರೆ ಯಾವ ಮುಖ ಹೊತ್ಕೊಂಡು ನಿಮ್ಮಪ್ಪನ ಹತ್ರ ಬರ್ಲಿ?"

"ನಮ್ಮಪ್ಪನ ಹತ್ರ ನಿನಗೇನು ಕೆಲಸ?"

ಅವನು ಅವಳನ್ನೇ ನೋಡಿದ.

"ಸುಳ್ಳು ಮೂಗಿನ ಯಜಮಾನನ್ನ ನಾನು ಕಟ್ಕೊಳ್ಳಲ್ಲ" ಎಂದುಬಿಟ್ಟಳು ಎಮ್ನಾ. ಆಡಿದ್ದೇನೆಂದು ಹೊಳೆದದ್ದೇ ತಡ, ಒಳಗೆ ಓಡಿದಳು.

ಶುಕ್ರವಾರ ಸ್ಕಂದರನ ಮನೆಯಲ್ಲಿ ನೆಂಟರಿಷ್ಟರೆಲ್ಲ ಸೇರಿದ್ದರು. ಸ್ಕಂದರನ ಅಪ್ಪ ಸಿ ಮೊಂಜಿ ತಮ್ಮ ತಾಮ್ರದ ಬಟ್ಟಲಲ್ಲಿ ಹೂನೀರು ತುಂಬಿ, ಮೂಸಿ ಹೇಳೆಂದು ಮಗನ ಕೈಗಿಟ್ಟರು. ಎಮ್ನಾ ಹಿಂದಿನ ಸಾಲಿನಿಂದ ಕತ್ತು ಚಾಚಿ ನೋಡಿದಳು. ಸ್ಕಂದರ್ ಬಟ್ಟಲನ್ನು ಮೂಸದೆ ರೀಮ್ ಕೈಗೆ ದಾಟಿಸಿದ.

"ಅಪ್ಪಾ, ನನಗೆ ಏನೂ ವಾಸನೆ ಬರಲ್ಲ. ನೀವು ಮೆಚ್ಚಿದ ಮೂಗು ಇವಳದ್ದು."

"ಹಾಗಾದ್ರೆ ನಾನು ಊರೆಲ್ಲ ಹೊಗಳಿಕೊಂಡು ಬಂದದ್ದು ಮಗಳ ಮೂಗನ್ನಾ?" ಸಿ ಮೊಂಜಿ ಕೇಳಿದರು. ರೀಮ್‌ಳನ್ನು ಹತ್ತಿರ ಕರೆದರು. "ಮೂಸಮ್ಮ, ಹೇಳು."

ರೀಮ್ ಮೂಸಿದಳು. "ಸ್ವಲ್ಪ ಸೀದಿದೆ ಅಪ್ಪಾ."

"ಅಯ್ಯೋ ನಿನ್ನ! ಅದು ನಾನೇ ಮುಂದೆ ಕೂತು ಇಳಿಸಿದ್ದು ಕಣೇ!"

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಸಿ ಮೊಂಜಿಯೂ ಕಣ್ಣೊರೆಸಿಕೊಂಡು ನಕ್ಕರು, ಮಗಳ ಕೈ ಹಿಡಿದು ತಮ್ಮ ಜಾಗದಲ್ಲಿ ಕೂರಿಸಿದರು.

ಸಂಜೆ ಸ್ಕಂದರ್ ಸಿ ಹೆದಿಯ ಭಟ್ಟಿಯ ಮುಂದೆ ನಿಂತಿದ್ದ. "ಈಗ ನಾನು ಯಾವ ಯಜಮಾನನೂ ಅಲ್ಲ. ಸರಕು ಮಾರೋಕೆ ಬರುತ್ತೆ, ಲಾರಿ ಓಡಿಸೋಕೆ ಬರುತ್ತೆ. ಎಮ್ನಾನ ನನಗೆ ಕೊಡ್ತೀರಾ?"

ಸಿ ಹೆದಿ ವಾಡಿಕೆಯಂತೆ ಬಾಯಿ ತೆರೆದರು. ಮಗಳ ಮುಖ ನೋಡಿ ಮುಚ್ಚಿಕೊಂಡರು. ಆಮೇಲೆ ಎದ್ದು ತಮ್ಮ ಕುರ್ಚಿ ಮಡಚಿದರು.

"ನನ್ನನ್ಯಾಕಪ್ಪ ಕೇಳ್ತೀಯ? ಇಲ್ಲಿ ಯಜಮಾನಿ ಅವಳು" ಎಂದು ಕುರ್ಚಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮನೆಗೆ ಹೊರಟೇಬಿಟ್ಟರು.

ಎಮ್ನಾ ಅವನ ಮುಂದೆ ಕಾಫಿ ಇಟ್ಟಳು.

"ಏನು ಹಾಕಿದ್ದೀನಿ, ಹೇಳು."

ಸ್ಕಂದರ್ ಹೀರಿದ, ಯೋಚಿಸಿದ, ಮತ್ತೆ ಹೀರಿದ. "ಗೊತ್ತಿಲ್ಲ."

"ಈ ಮಾತಿಗೇ ಕಾಯ್ತಿದ್ದೆ" ಎಂದು ಎಮ್ನಾ ಅವನ ಪಕ್ಕದಲ್ಲಿ ಕುಳಿತು, ಅದೇ ಕಪ್ಪಿನಿಂದ ಒಂದು ಗುಟುಕು ಕುಡಿದಳು.