ಕೊನೆಗೆ ಹಿಡಿದ ಕೈ

ಟಿಣ್.

ಲೋಟಕ್ಕೆ ಚಮಚ ತಾಗಿದಷ್ಟೇ ಸಣ್ಣ ಸದ್ದು. ಲಾಡ್ಜಿನ ಕತ್ತಲಲ್ಲಿ ಸಾಮಾನಕ್ಕ ಕಣ್ಣು ಬಿಟ್ಟಳು. ಪಕ್ಕದ ಮಂಚದಲ್ಲಿ ಅವಳ ತಮ್ಮ ಮಲಗಿದ್ದ. ಕಿಟಕಿ ಮುಚ್ಚಿತ್ತು, ಆದರೂ ಕೋಣೆ ತುಂಬ ಪೆಟ್ರೋಲಿನ ವಾಸನೆ.

ಆ ಸದ್ದಿನ ವಿಷಯ ಶೂಟಿಂಗು ನಡೆದ ಬಂಕಿನ ಅಜ್ಜಿ ಮೊದಲೇ ಹೇಳಿದ್ದಳು.

ಟೀವಿ ಸೀರಿಯಲ್ಲಿನ ಯೂನಿಟ್ಟಿಗೆ ಸಾಮಾನಕ್ಕ ಹೊಸಬಳು. ಸೆಟ್ಟಿನ ಸಾಮಾನು ನೋಡಿಕೊಳ್ಳುವವಳಾದ್ದರಿಂದ ಆ ಹೆಸರು. ಲೈಟುಗಳನ್ನು ಹೊರುವ ಕೆಲಸಕ್ಕೆ ತಮ್ಮನನ್ನೂ ಅವಳೇ ಸೇರಿಸಿದ್ದಳು. ಊರಾಚೆಯ ಹಳೇ ಪೆಟ್ರೋಲ್ ಬಂಕಿನಲ್ಲಿ ಶೂಟಿಂಗು. ಬಣ್ಣ ಹೋದ ಒಂದೇ ಪಂಪು, ಗಾಜಿನ ಹಿಂದೆ ಲೀಟರು ತೋರಿಸುವ ಮುಳ್ಳು, ಕೆಳಗೆ ಬತ್ತಿದ ಟ್ಯಾಂಕು. ಪಂಪಿನ ಕುತ್ತಿಗೆಗೆ ಒಂದು ಕಪ್ಪು ಗಂಟು ಬಿಗಿದಿತ್ತು: ಬಟ್ಟೆ, ಕೂದಲು, ಮೊಳೆ, ಮೇಲೆ ಡಾಂಬರು.

"ಅದನ್ನ ಬಿಚ್ಚಬೇಡಿ," ಎಂದಿದ್ದಳು ಬಂಕಿನ ಯಜಮಾನಿ ಅಜ್ಜಿ. "ನಮ್ಮವರ ಪಾಲುದಾರ ಮಾಡಿಸಿದ ಮಾಟ ಪಂಪಿನ ಒಳಗಿದೆ. ಒಂದೊಂದು ಲೀಟರಿಗೂ ಗಂಟೆ ಟಿಣ್ ಅನ್ನೋದು, ಒಂದೊಂದು ಟಿಣ್ಣಿಗೂ ಮೈಯಿಂದ ರಕ್ತ ಇಳಿಯೋದು. ಗಂಡ ಹೋದ, ಮಗ ಹೋದ. ಈ ಕಟ್ಟು ಹಾಕಿಸಿದ ಮೇಲೆ ನಿಂತಿದೆ. ಬಿಚ್ಚಿದರೆ, ಪೆಟ್ರೋಲು ಹಾಕೋ ಆ ನಳಿಗೆಯನ್ನ ಕೊನೆಗೆ ಯಾರು ಹಿಡಿದಿದ್ದರೋ ಅವರ ಕೈಯಿಂದ ರಕ್ತ ಕುಡಿಯುತ್ತೆ."

"ಅಜ್ಜಿ, ನಮ್ಮ ಸೀರಿಯಲ್ಲು ಏಳು ವರ್ಷದಿಂದ ಮನೆಮನೆಯ ರಕ್ತ ಕುಡೀತಿದೆ. ನಿಮ್ಮ ಪಂಪು ಅದಕ್ಕೆ ತಂಗಿ ಅಷ್ಟೆ," ಎಂದಳು ಸಾಮಾನಕ್ಕ. ಯೂನಿಟ್ಟೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ.

ನಿರ್ದೇಶಕನಿಗೆ ಗಂಟು ಹಿಡಿಸಿಬಿಟ್ಟಿತು. ನಾಯಕಿ ಅದನ್ನು ಸುಡುವ ದೃಶ್ಯ ಅಲ್ಲೇ ಹುಟ್ಟಿತು. ಸುಡುವ ಸಾಮಾನಿಗೆ ಎರಡು ನಕಲಾದರೂ ಕೈಯಲ್ಲಿರಬೇಕು, ಅದು ಸಾಮಾನಕ್ಕನ ಕಸುಬಿನ ಮೊದಲ ಪಾಠ. ಹೊತ್ತಿಲ್ಲವೆಂದು ಒಂದೇ ಮಾಡಿದಳು. ವಿಗ್ಗಿನ ಕೂದಲು, ತುಕ್ಕು ಮೊಳೆ. ಅಸಲನ್ನು ಬಿಚ್ಚಿ ಚೀಲದಲ್ಲಿಟ್ಟಳು, ಆಮೇಲೆ ಕಟ್ಟಿದರಾಯಿತೆಂದು. ನಕಲು ಉರಿಯುವಾಗ ನಾಯಕಿಗೆ ಕೆಮ್ಮು ಬಂತು.

"ಇನ್ನೊಂದು ಟೇಕ್," ಎಂದ ನಿರ್ದೇಶಕ. ಬೆಳಕು ಇಳಿಯುತ್ತಿತ್ತು. "ಎಲ್ಲಿ ಅಕ್ಕಾ ಇನ್ನೊಂದು ಗಂಟು?"

ನಾಯಕಿಯ ಜಾಗದಲ್ಲಿ ತಮ್ಮ ನಳಿಗೆ ಹಿಡಿದು ನಿಂತು ಲೈಟು ಸರಿಮಾಡಿಸಿ ಪಕ್ಕಕ್ಕೆ ಸರಿದ. ಸಾಮಾನಕ್ಕ ಚೀಲದಿಂದ ಅಸಲನ್ನೇ ತೆಗೆದು ನಾಯಕಿಗೆ ಕೊಟ್ಟಳು. ನಾಯಕಿ ನಳಿಗೆ ಮುಟ್ಟದೆ ಗಂಟಿಗಷ್ಟೇ ಬೆಂಕಿ ಹಚ್ಚಿದಳು. ಅದು ಬಟ್ಟೆಯ ಹಾಗೆ ಉರಿಯಲಿಲ್ಲ. ಮಾಂಸ ಸುಟ್ಟ ವಾಸನೆ ಬಂತು. ಶೂಟಿಂಗು ಮುಗಿದ ಮೇಲೆ ಇನ್ನೊಂದು ನಕಲು ಹೊಲಿದು ಪಂಪಿಗೆ ಕಟ್ಟಿದಳು. ಅಜ್ಜಿಯ ಕಣ್ಣು ಮಂಜು, ಗೊತ್ತಾಗಲಾರದು.

ಟಿಣ್.

ಈಗ ಲಾಡ್ಜಿನ ಕೋಣೆಯಲ್ಲಿ ಆ ಸದ್ದು ತಮ್ಮನ ಎದೆಯೊಳಗಿಂದ ಬರುತ್ತಿತ್ತು.

ಅವಳು ದೀಪ ಹಾಕಿದಳು. ಅವನ ತುಟಿ ಸುಣ್ಣವಾಗಿತ್ತು. ಹೊದಿಕೆಯ ಮೇಲಿನ ಬಲಗೈ ಖಾಲಿ ಕೊಳವೆಯಂತೆ ಚಪ್ಪಟೆಯಾಗಿತ್ತು.

"ಅಕ್ಕಾ, ಬಾಯೆಲ್ಲ ಪೆಟ್ರೋಲು," ಎಂದ. "ಕೈ ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಅಮ್ಮ ಹೋದ ಮೇಲೆ ಅವನಿಗೆ ತುತ್ತಿಟ್ಟು ಬೆಳೆಸಿದವಳು ಅವಳು. ನಾನು ಮಾಡಿದ್ದಕ್ಕೆ ಆ ನಳಿಗೆ ನಾನೇ ಹಿಡಿದು ಇವನನ್ನು ಬಿಡಿಸುತ್ತೇನೆ ಎಂದುಕೊಂಡಳು. ನಿಜವಾಗಿಯೇ ಹಾಗೆ ಅಂದುಕೊಂಡಳು. ಚಪ್ಪಲಿಯಿಲ್ಲದೆ ಓಡಿದಳು.

ಬಂಕು ತಲುಪುವಾಗ ಮೂಡಲು ಬೂದಿ ಬಣ್ಣಕ್ಕೆ ತಿರುಗಿತ್ತು. ಬತ್ತಿದ ಪಂಪಿನ ಗಾಜಿನ ಹಿಂದೆ ಮುಳ್ಳು ಮೆಲ್ಲಗೆ ತಿರುಗುತ್ತಿತ್ತು. ಕೈ ಚಾಚಿದಳು. ನಳಿಗೆ ಬೆಚ್ಚಗೆ ಉಸಿರಾಡುತ್ತಿತ್ತು. ಹಿಡಿ. ಹಿಡಿ. ಬೆರಳು ಮುಂದೆ ಹೋಗಲಿಲ್ಲ. ಟಿಣ್. ತಮ್ಮ ಅಲ್ಲಿ ಬತ್ತುತ್ತಿದ್ದಾನೆ. ಹಿಡಿ. ಕೈ ತಾನಾಗಿ ಹಿಂದಕ್ಕೆ ಬಂತು.

"ಯಾರದು? ಸಾಮಾನಿನ ಹುಡುಗೀನಾ?" ಅಜ್ಜಿ ಒರೆಸುವ ಬಟ್ಟೆ ಹಿಡಿದು ಬಂದಿದ್ದಳು. ದಿನಾ ಬೆಳಗ್ಗೆ ಪಂಪು ಒರೆಸುವುದು ಅವಳ ಕೆಲಸ. ಗಂಟನ್ನು ತಡವಿದಳು. "ನಿನ್ನೆ ಏನೋ ಸುಟ್ಟ ವಾಸನೆ ಬಂತಲ್ಲ?"

"ಶೂಟಿಂಗಿಗೆ ನಕಲು ಮಾಡಿ ಸುಟ್ಟಿದ್ದು ಅಜ್ಜಿ."

"ಇದು ಅದೇ ಕಟ್ಟು ತಾನೇ? ನನ್ನ ಕಣ್ಣು ನಂಬೋ ಹಾಗಿಲ್ಲ. ನಿನ್ನ ಮಾತು ನಂಬ್ತೀನಿ."

ಟಿಣ್. ಅಜ್ಜಿಗೆ ಕಿವಿಯೂ ಮಂದ.

"ಅದೇ ಅಜ್ಜಿ. ಯಾರೂ ಮುಟ್ಟಿಲ್ಲ."

ಅಜ್ಜಿ ಒರೆಸಲು ನಳಿಗೆ ಹಿಡಿದಳು. ಬೆರಳುಗಳು ಬಿಗಿದುಕೊಂಡವು. ಬಟ್ಟೆ ಕೆಳಗೆ ಬಿತ್ತು. ಮುಖ ಸಾಮಾನಕ್ಕನತ್ತ ತಿರುಗಿತು. ಅದರಲ್ಲಿ ಸಿಟ್ಟಿರಲಿಲ್ಲ.

"ನಿನ್ನನ್ನ ಕೇಳಿದ್ನಲ್ಲ ಮಗಳೇ," ಎಂದಳು ಮೆಲ್ಲಗೆ.

ಬೆಳಕು ಹರಿದು ಯೂನಿಟ್ಟಿನ ವ್ಯಾನು ಬಂದಾಗ ಅಜ್ಜಿ ಪಂಪಿಗೆ ಒರಗಿ ಕುಳಿತಿದ್ದಳು, ಒಗೆದು ಹಿಂಡಿದ ಸೀರೆಯಷ್ಟೇ ಉಳಿದಿದ್ದಳು.

"ಪಾಪ, ವಯಸ್ಸಾಗಿತ್ತು," ಎಂದು ನಿರ್ದೇಶಕ ಟೋಪಿ ತೆಗೆದ. ಅವರಿವರು ಬಂದು ಅವಳನ್ನು ಒಯ್ದರು. ಸಂಜೆಯೊಳಗೆ ಕಂತು ಮುಗಿಯಬೇಕಿತ್ತು. ಲೈಟು ಎದ್ದವು.

ತಮ್ಮ ತಂತಿ ಸುತ್ತಿಕೊಂಡು ನಗುತ್ತ ಬಂದ. ಕೆನ್ನೆಯಲ್ಲಿ ಕೆಂಪಿತ್ತು. "ರಾತ್ರಿ ಏನೇನೋ ಕನಸು ಅಕ್ಕಾ. ಲೈಟ್ ನೋಡ್ಬೇಕಂತೆ, ನಾನೇ ನಳಿಗೆ ಹಿಡೀಲಾ?"

ಅಜ್ಜಿಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಗಾಜಿನ ಹಿಂದೆ ಮುಳ್ಳು ನಿಂತು ಮುಂದಿನ ಕೈಗಾಗಿ ಕಾಯುತ್ತಿತ್ತು. ಪಂಪಿನ ಕುತ್ತಿಗೆಯಲ್ಲಿ ಸಾಮಾನಕ್ಕನದೇ ಹೊಲಿಗೆಯ ಗಂಟು. ಹೇಳಿದರೆ ಎಲ್ಲವನ್ನೂ ಹೇಳಬೇಕು. ಅಜ್ಜಿ ಕೇಳಿದ್ದು, ತಾನು ಉತ್ತರ ಕೊಟ್ಟದ್ದು. ಯಾರಿಗೂ ಹೇಳಬಾರದು, ಎಂದಿಗೂ, ಎಂದು ನಿರ್ಧರಿಸಿದಳು.

"ನೀನು ಬೇಡ ಕಣೋ," ಎಂದಳು. "ಬೇರೆ ಯಾರಾದರೂ ಹಿಡೀಲಿ."