ರಕುಮವ್ವನ ಅರವತ್ತೆರಡು ಯಂತ್ರಗಳು

ಮೃಗಗಳು ಮನುಷ್ಯರೊಡನೆ ಮಾತಾಡುತ್ತಿದ್ದ ಕಾಲದಲ್ಲಿ ನೂಲಾವತಿ ಎಂಬ ರಾಜ್ಯವೊಂದಿತ್ತು. ಅಲ್ಲಿ ಮನೆಗೊಂದು ಹೊಲಿಗೆ ಯಂತ್ರ. ಅವಕ್ಕೆಲ್ಲ ತಾಯಿ ಅರಮನೆಯ ಹಂಸಯಂತ್ರ. ಅದು ತಿರುಗಿದರೆ ಎಲ್ಲವೂ ತಿರುಗುತ್ತಿದ್ದವು, ಅದು ನಿಂತರೆ ಎಲ್ಲವೂ ನಿಲ್ಲುತ್ತಿದ್ದವು. ಒಂದು ದಿನ ಮಾಂತ್ರಿಕ ಕರಿಗತ್ತರಿ ಹಂಸಯಂತ್ರದ ಗಾಲಿಯನ್ನೂ, ಒಳಗೆ ನೂಲು ಹೊತ್ತು ಓಡಾಡುವ ಪುಟ್ಟ ಉಕ್ಕಿನ ದೋಣಿಯನ್ನೂ ಕಿತ್ತು ಕಾಡಿಗೆಸೆದ. ರಾಜ್ಯದ ಯಂತ್ರಗಳೆಲ್ಲ ನಿಂತವು. ಜನ ಒಂದು ವರ್ಷ ಕಾದರು, ಎರಡು ವರ್ಷ ಕಾದರು, ಆಮೇಲೆ ಅವನ್ನು ತಿಪ್ಪೆಗೆಸೆದರು.

ಹಾಗೆ ಎಸೆದವುಗಳಲ್ಲಿ ಕೈಗೆ ಸಿಕ್ಕಷ್ಟನ್ನೂ ಹೊತ್ತು ತಂದವಳು ಸಿಂಪಿಗರ ರಕುಮವ್ವ. ತುಕ್ಕು ಉಜ್ಜಿದಳು, ಹಲ್ಲುಗಳ ನಡುವೆ ಸಿಕ್ಕಿದ್ದ ದಾರದ ಚೂರು ಕಿತ್ತಳು, ಕೀಲುಕೀಲಿಗೂ ತೆಳುವಾದ ಎಣ್ಣೆ ಬಿಟ್ಟಳು. ಮೈಮೇಲಿನ ಬಂಗಾರದ ಬಳ್ಳಿಚಿತ್ತಾರ ಅಳಿಸೀತೆಂದು ಅಲ್ಲಿ ಮಾತ್ರ ಹಳೆಯ ಧೋತರದ ಮೆತ್ತನೆ ತುಂಡಿನಿಂದ ಒರೆಸಿದಳು. ಹೀಗೆ ಹನ್ನೆರಡು ವರ್ಷದಲ್ಲಿ ಅರವತ್ತೆರಡಾದವು. ಅವುಗಳ ಮುಂದೆ ನಿಂತು ಅವಳು ಹಿಗ್ಗುವುದನ್ನು ಕಂಡು ಊರವರಿಗೆ ನಗುವೋ ನಗು.

"ತಿರುಗದ ಮಿಷನ್ನಿಗೆ ಇಷ್ಟು ಆರೈಕಿ ಯಾಕವ್ವಾ?" ಎಂದು ನೆರೆಮನೆಯ ಕಾಶವ್ವ ಕೇಳಿದರೆ, "ತಿರುಗೋ ದಿನ ಬಂದಾಗ ಇವು ತಯಾರಿರಬೇಕಲ್ಲ ಅತ್ತಿ" ಎನ್ನುವಳು.

ಸೊಕ್ಕು ಎಂದರು ಜನ. ಸೊಕ್ಕೇ ಸರಿ. ಕೈಯಲ್ಲಿ ಕೆಲಸ ಇದ್ದವರಿಗೆ ಅಷ್ಟು ಇರಲಿ ಬಿಡಿ.

ಹೊಲಿಯುವವರೇ ಇಲ್ಲವೆಂದ ಮೇಲೆ ಕತ್ತರಿಸುವವನಿಗೆ ಯಾರ ಭಯ? ಕರಿಗತ್ತರಿ ಜನರ ನೆರಳುಗಳನ್ನೇ ಕತ್ತರಿಸಿ ತನಗೊಂದು ನಿಲುವಂಗಿ ಮಾಡಿಕೊಂಡ. ನೆರಳು ಹೋದ ಮುನ್ನೂರು ಜನ ಕುಳಿತಲ್ಲೇ ಮರಗಟ್ಟಿದರು. ಅವರಲ್ಲಿ ರಕುಮವ್ವನ ತಂದೆ, ಮುದಿ ಸಿಂಪಿಗ ನಾಮೋಜಿಯೂ ಒಬ್ಬ. ಹುಣ್ಣಿಮೆಯ ದಿನ ಹೊತ್ತು ಮುಳುಗುವುದರೊಳಗೆ ನೆರಳು ಕೂಡದಿದ್ದರೆ ಎಲ್ಲರೂ ಕಲ್ಲಾಗುವರೆಂದು ಮಾಂತ್ರಿಕ ಸಾರಿದ. ರಕುಮವ್ವ ಅಪ್ಪನ ತಣ್ಣಗಿನ ಕೈ ಮುಟ್ಟಿ, ನೆರಳು ಹೊಲಿಯಲು ಹಂಸಯಂತ್ರವೇ ತಿರುಗಬೇಕೆಂದು ಸೆರಗು ಕಟ್ಟಿ, ಗಾಲಿ ದೋಣಿ ಹುಡುಕಿ ಕಾಡಿಗೆ ಹೊರಟಳು.

ಮೊದಲು ಎದುರಾದದ್ದು ಕರಡಿ. ಅದರ ಕೊರಳಲ್ಲಿ ಗಾಲಿ ಇತ್ತು.

"ಒಂದು ಸಲ ತಿರುಗಿಸು. ತಪ್ಪಿದ್ರ ನುಂಗತೀನಿ. ಏಳು ರಾಜಕುಮಾರರು ಆಚೆ ನೂಕಿ ನನ್ನ ಹೊಟ್ಟಿ ಸೇರ್‍ಯಾರ."

"ಅವರು ಒಂದು ದಿನನಾದ್ರೂ ಹೊಲಿಗಿ ಮುಂದ ಕುಂತವರಲ್ಲ," ಎಂದಳು ರಕುಮವ್ವ. "ಗಾಲಿ ಎದಿ ಕಡೆ ತಿರುಗಬೇಕು. ಆಚೆ ನೂಕಿದ್ರ ದಾರ ಹರೀತೈತಿ."

ತನ್ನತ್ತ ತಿರುಗಿಸಿದಳು. ಕರಡಿ ತಲೆ ಬಾಗಿಸಿ ಗಾಲಿ ಕೊಟ್ಟಿತು.

ಆಮೇಲೆ ಎದುರಾದದ್ದು ಏಳು ಹೆಡೆಯ ಸರ್ಪ. ಅದು ನೂಲು ಸುತ್ತುವ ಬಂಗಾರದ ಬಾಬಿನ್‌ಗಳ ರಾಶಿಯ ಮೇಲೆ ಮಲಗಿತ್ತು.

"ಬೇಕಾದ್ದು ಆರಿಸಿಕೋ. ತಪ್ಪು ಮುಟ್ಟಿದ್ರ ಕಚ್ಚತೀನಿ."

ರಕುಮವ್ವ ಕೈ ಹಿಂದೆ ಕಟ್ಟಿಕೊಂಡೇ ನೋಡಿದಳು. "ಇವೆಲ್ಲ ದುಂಡಗದಾವ. ಅಷ್ಟು ಹಳೇ ಮಿಷನ್ನಿಗೆ ದೋಣಿ ಬೇಕು. ಅಂಥವು ಮೂರು ಮಿಷನ್ ನಾನೇ ಬಿಚ್ಚಿ ಜೋಡಿಸೀನಿ. ಅಗಾ, ದೋಣಿ ಅಲ್ಲೈತಿ. ನಿನ್ನ ಮರಿ ಅದರಾಗ ಮಲಗೈತಿ."

ಸರ್ಪ ಏಳು ಹೆಡೆಯಲ್ಲೂ ನಕ್ಕು, ಮರಿಯನ್ನು ಮೆಲ್ಲಗೆ ಎತ್ತಿ ದೋಣಿ ಕೊಟ್ಟಿತು.

ಹುಣ್ಣಿಮೆಯ ಮಧ್ಯಾಹ್ನ ಅರಮನೆ ಸೇರಿ ಎರಡನ್ನೂ ಜೋಡಿಸಿದಳು. ಹಂಸಯಂತ್ರ ಮಿಸುಕಲಿಲ್ಲ. ನೆರಳಿನ ನಿಲುವಂಗಿ ತೊಟ್ಟು ಸಭೆಗೆ ಬಂದಿದ್ದ ಕರಿಗತ್ತರಿ ಗಹಗಹಿಸಿದ.

"ಇವನ ಮಾಟ ದೊಡ್ಡದವ್ವಾ," ಎಂದು ರಾಣಿ ಕಣ್ಣೀರು ತಂದಳು. "ಪುರೋಹಿತರು ಹೇಳಿದಂಗ ಹನ್ನೆರಡು ವರ್ಷ ದಿನಾ ಒಂದು ಮಿಳ್ಳಿ ಆಕಳ ತುಪ್ಪ ಹೊಯ್ದು ಪೂಜಿ ಮಾಡೀವಿ. ಆದ್ರೂ ಬಿಡವಲ್ದು."

ರಕುಮವ್ವ ಕೀಲಿಗೆ ಬೆರಳು ಹಚ್ಚಿ ಮೂಸಿದಳು. "ಮಾಟ ಅಲ್ಲ ತಾಯಿ, ತುಪ್ಪ."

ಪುರೋಹಿತರು ನೆಲ ನೋಡಿದರು. ಮಾಂತ್ರಿಕನ ನಗೆ ಅರ್ಧಕ್ಕೆ ನಿಂತಿತು. ಅವನಿಗೂ ಇದು ಗೊತ್ತಿರಲಿಲ್ಲ. ತನ್ನ ಮಾಟವೇ ಎಂದು ಮೀಸೆ ತಿರುವಿಕೊಂಡಿದ್ದ.

ಸೀಮೆಎಣ್ಣೆ ತರಿಸಿ, ಕೋಳಿಗರಿಯಿಂದ ಸಂದುಸಂದಿಗೂ ಬಿಟ್ಟು, ಅಂಟಿದ್ದ ತುಪ್ಪವನ್ನು ರಕುಮವ್ವ ಕೆರೆದು ತೆಗೆದಳು. ಹೊತ್ತು ಇಳಿಯುತ್ತಿತ್ತು, ಅವಳ ಕೈ ಅವಸರ ಮಾಡಲಿಲ್ಲ. ಕೊನೆಗೆ ಗಾಲಿ ತಿರುಗಿತು. ಅದೇ ಗಳಿಗೆಗೆ ಅವಳ ಕೊಟ್ಟಿಗೆಯಲ್ಲಿ ಅರವತ್ತೆರಡು ಗಾಲಿಗಳು ತಿರುಗಿದವು. ರಾಜ್ಯದಲ್ಲಿ ಉಳಿದಿದ್ದ ಯಂತ್ರಗಳು ಅವಷ್ಟೇ. ನಕ್ಕಿದ್ದವರೆಲ್ಲ ಬಿದ್ದಂಬೀಳ ಓಡಿ ಅವುಗಳ ಮುಂದೆ ಕುಳಿತರು. ಎಲ್ಲರಿಗಿಂತ ಮುಂದೆ ಕಾಶವ್ವ.

ಮಾಂತ್ರಿಕ ಹೆಜ್ಜೆ ಹಿಂದಿಡುವಷ್ಟರಲ್ಲಿ ರಕುಮವ್ವ ಅವನ ನಿಲುವಂಗಿಯ ಅಂಚು ಹಿಡಿದು ಹಂಸಯಂತ್ರದ ಸೂಜಿಗೆ ಕೊಟ್ಟಳು. ಸೂಜಿ ತಾಕಿದ್ದೇ ತಡ, ನೆರಳುಗಳು ಒಂದೊಂದಾಗಿ ಬಿಡಿಸಿಕೊಂಡು ತಮ್ಮ ತಮ್ಮವರ ಕಾಲಿಗೆ ಓಡಿದವು. ಅವರನ್ನು ಊರವರು ರಕುಮವ್ವನ ಕೊಟ್ಟಿಗೆಗೆ ಹೊತ್ತು ತಂದು ಸಾಲಾಗಿ ಕೂರಿಸಿದರು. ಹೊತ್ತು ಮುಳುಗುವುದರೊಳಗೆ ಅರವತ್ತೆರಡು ಸೂಜಿಗಳು ನೆರಳುಗಳನ್ನು ಕಾಲಿಗೆ ಹೊಲಿದವು. ನಿಲುವಂಗಿ ಖಾಲಿಯಾದಾಗ ಒಳಗೆ ಮಾಂತ್ರಿಕನೇ ಇರಲಿಲ್ಲ, ತುಕ್ಕು ಹಿಡಿದ ಒಂದು ಕತ್ತರಿ ನೆಲಕ್ಕೆ ಬಿತ್ತು. ತುಕ್ಕು ಕಂಡರೆ ಬಿಡದ ರಕುಮವ್ವ ಅದನ್ನು ಮಾತ್ರ ಮುಟ್ಟಲಿಲ್ಲ.

ಅಪ್ಪನನ್ನು ಮಾತ್ರ ಅರಮನೆಗೆ ತರಿಸಿ, ಅವನ ನೆರಳನ್ನು ತಾನೇ ಹಂಸಯಂತ್ರದಲ್ಲಿ ಹೊಲಿದಳು. ನಾಮೋಜಿ ಎದ್ದು ನಿಂತ. ರಾಜನಿಗೆ ಕೈ ಮುಗಿಯುವುದನ್ನೂ ಮರೆತು, ಬಗ್ಗಿ ನೆರಳಿನ ಅಂಚು ಎತ್ತಿ, ಒಳಮಗ್ಗುಲು ಮಗುಚಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸಿದ. ಎಷ್ಟೋ ಜನರ ಹೊಲಿಗೆ ಬಿಚ್ಚಿಸಿದ ಬೆರಳು ಅದು.

"ಯಾರ ಹೊಲಿಗಿ?"

"ನಂದಪ್ಪಾ."

"ಒಳಗೂ ಹೊರಗೂ ಒಂದೇ ಸಮ ಐತಿ," ಎಂದ ಮುದುಕ, ಸಭೆಗೆಲ್ಲ ಕೇಳುವಂತೆ.

ನೂಲಾವತಿಯ ಜನ ಮತ್ತೆ ನೆರಳಿನೊಂದಿಗೆ ನಡೆದಾಡಿ ನಗುನಗುತ್ತಾ ಬಾಳಿದರು. ರಾಜ ಕೊಟ್ಟ ಪಲ್ಲಕ್ಕಿ ಬೇಡವೆಂದು ರಕುಮವ್ವ ಅಪ್ಪನ ಪಕ್ಕದಲ್ಲಿ ತಲೆಯೆತ್ತಿ ನಡೆದೇ ಮನೆಗೆ ಹೋದಳು.