ಮೂರನೆಯ ಸಾಲಿನ ಆನೆ

ಶತ್ರುವಿನ ಕಾಲಾಳು ಮೂರನೆಯ ಸಾಲನ್ನು ತುಳಿಯುವ ತನಕ ಆನೆ ಆ ಸಾಲನ್ನು ಬಿಡಬಾರದು. ತುಳಿದ ಮೇಲೆ ಒಂದು ಗಳಿಗೆಯೂ ಅಲ್ಲಿ ನಿಲ್ಲಬಾರದು. ಕಾಲಾಳಿನ ಬೆನ್ನ ಹಿಂದಕ್ಕೆ, ಕಳದ ಆಚೆ ತುದಿಗೆ ಹೋಗಬೇಕು. ನಿಯಮ ಇಷ್ಟೇ. ಚೌಕಾವತಿ ರಾಜ್ಯದಲ್ಲಿ ಇದು ಗೊತ್ತಿಲ್ಲದವರು ಇರಲಿಲ್ಲ. ಪಾಲಿಸಿದವರೂ ಇರಲಿಲ್ಲ.

ಬಹಳ ಹಿಂದೆ, ನೆಲವೇ ಒಂದು ಮನೆ ಕಪ್ಪು ಒಂದು ಮನೆ ಬಿಳಿಯಾಗಿ ಹಾಸಿಕೊಂಡಿದ್ದ ಆ ರಾಜ್ಯವನ್ನು ವೀರಮಲ್ಲನೆಂಬ ಅರಸ ಆಳುತ್ತಿದ್ದ. ಬಡಗಣ ಬೆಟ್ಟದಲ್ಲಿ ಕಾಳಂಜನೆಂಬ ಮಾಂತ್ರಿಕನಿದ್ದ. ಅವನ ಹತ್ತಿರ ಕಲ್ಲಿನ ಕಾಲಾಳೊಬ್ಬನಿದ್ದ. ಈ ಕಾಲಾಳು ಹಿಂದೆ ಸರಿಯುವವನಲ್ಲ, ಪಕ್ಕಕ್ಕೆ ಹೊರಳುವವನಲ್ಲ. ಒಂದೊಂದೇ ಮನೆ ಮುಂದಕ್ಕೆ ಬರುತ್ತಿದ್ದ. ಅರಸನು ನಿಂತಿರುವ ಮೊದಲನೆಯ ಸಾಲನ್ನು ಮುಟ್ಟಿದನೆಂದರೆ ಅಲ್ಲೇ ಮಂತ್ರಿಯಾಗಿ ಎದ್ದು ನಿಲ್ಲುತ್ತಿದ್ದ. ಆ ಮಂತ್ರಿ ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೆ ಆ ದಿಕ್ಕಿನ ನಾಡೆಲ್ಲ, ಜನ ಜಾನುವಾರು ಸಮೇತ, ಮರದ ಬೊಂಬೆಯಾಗುತ್ತಿತ್ತು.

ವರ್ಷಕ್ಕೊಮ್ಮೆ ಕಾಳಂಜ ಅರಸನನ್ನು ಆಟದ ಕಳಕ್ಕೆ ಕರೆಯುತ್ತಿದ್ದ. ಅವನ ಕಡೆಗೆ ಅವನೇ ರಾಜ, ಜೊತೆಗೆ ಒಂದು ಕಲ್ಲಾನೆ, ಆ ಕಾಲಾಳು. ಇವರ ಕಡೆಗೆ ಅರಸ ಮತ್ತು ಒಂದು ಆನೆ. ಅವರದೊಂದು ನಡೆ, ಇವರದೊಂದು ನಡೆ. ಸೂರ್ಯ ಮುಳುಗುವ ತನಕ ಕಾಲಾಳನ್ನು ತಡೆದು ನಿಲ್ಲಿಸಿದರೆ ಕಾಳಂಜನ ಮಾಟವೆಲ್ಲ ಮುರಿದು ಬೀಳುತ್ತದೆ. ನಡುವೆ ರಾಜಿ ಮಾಡಿಕೊಂಡರೆ ರಾಜಿಯಾದಷ್ಟೇ ದಕ್ಕುತ್ತದೆ. ಗೆಲ್ಲಬೇಕೆಂದು ಯಾರೂ ಕೇಳಿರಲಿಲ್ಲ. ಸೋಲದಿದ್ದರೆ ಸಾಕಿತ್ತು.

ಅಷ್ಟೂ ಆಗಲಿಲ್ಲ. ಕಾರಣ ಒಂದು ಮಾತು.

ಚೌಕಾವತಿಯಲ್ಲಿ ಕಳ್ಳ ಎಂದರೆ ಸಹಿಸಿಕೊಳ್ಳುತ್ತಿದ್ದರು, 'ಸುಮ್ಮನೆ ಓಡಾಡುವವ' ಎಂದರೆ ಸಹಿಸುತ್ತಿರಲಿಲ್ಲ. ಅಲ್ಲಿನವರು ಹಿತ್ತಲಿಗೆ ಹೋಗುವಾಗಲೂ ಕಾರಣ ಹೇಳಿ ಹೋಗುತ್ತಿದ್ದರು. ಮೂರನೆಯ ಸಾಲಿನ ಆನೆಗೆ ಇರುವ ಕೆಲಸವಾದರೂ ಏನು? ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಅದು ಅಲ್ಲಿರುವಷ್ಟು ಹೊತ್ತು ಕಾಳಂಜ ಆ ಸಾಲಿನೊಳಗೆ ಕಾಲಿಡುವಂತಿಲ್ಲ. ನೋಡುವವರಿಗೆ ಮಾತ್ರ ಅದು ಸುಮ್ಮನೆ ಓಡಾಡಿದ ಹಾಗೆಯೇ ಕಾಣುತ್ತದೆ.

ಮೊದಲ ವರ್ಷ ದಳವಾಯಿ ಸಿಂಗಯ್ಯ ಆನೆ ಏರಿದ. "ಏನು ದಳವಾಯಿಗಳೇ, ಸುಮ್ಮನೆ ಓಡಾಡ್ತಿದ್ದೀರಾ?" ಎಂದ ಕಾಳಂಜ. ಸಿಂಗಯ್ಯನ ಮುಖ ಕೆಂಪಾಯಿತು. ಆನೆಯನ್ನು ಕಲ್ಲಾನೆಯ ಕಡೆಗೆ ನುಗ್ಗಿಸಿದ. ಸಾಲು ಬರಿದಾಯಿತು, ಕಾಳಂಜ ಒಳಗೆ ಬಂದು ಅರಸನನ್ನು ಪಕ್ಕಕ್ಕೆ ನೂಕಿದ, ಕಾಲಾಳು ಮಂತ್ರಿಯಾದ. ಪಡುವಣ ನಾಡು ಮರವಾಯಿತು. ಸಿಂಗಯ್ಯನೂ ಮರವಾದ.

ಮರುವರ್ಷ ಅರಸನ ಮಗ ಬೆಟ್ಟರಸ ಏರಿದ. ಅವನು ಬೈಗುಳವನ್ನು ಹಲ್ಲು ಕಚ್ಚಿ ನುಂಗಿದ. ಆದರೆ ಕಾಲಾಳು ಎದುರಿಗೇ ನಿಂತಿದ್ದನ್ನು ಕಂಡು ಅರಸ ಹೆದರಿದ. "ಮಗನೇ, ಇತ್ತ ಬಾ, ನನ್ನ ಮಗ್ಗುಲಲ್ಲಿ ನಿಲ್ಲು" ಎಂದು ಕೂಗಿದ. ಬೆಟ್ಟರಸ ತಂದೆಯ ಮಾತು ಮೀರದವನು. ಬಂದು ನಿಂತ. ಮೂರನೆಯ ಸಾಲು ಬರಿದಾಯಿತು, ಕಳದ ಅಂಚಿಗೆ ಒತ್ತಿ ನಿಂತ ಆನೆಗೆ ಮಿಸುಕಾಡಲು ಜಾಗ ಸಿಗಲಿಲ್ಲ, ಕಾಲಾಳು ಮತ್ತೆ ಮಂತ್ರಿಯಾದ. ಮೂಡಣ ನಾಡು ಮರವಾಯಿತು. ಬೆಟ್ಟರಸ ಕಳದ ಅಂಚಿನಲ್ಲಿ ಬೊಂಬೆಯಾಗಿ ನಿಂತ.

ಮೂರನೆಯ ವರ್ಷ ಅರಸನ ಮಗಳು ಹೊನ್ನಾಜಿ ಏರಿದಳು. ಉಳಿದದ್ದು ಅರಮನೆ ಮತ್ತು ತೆಂಕಣ ನಾಡು. ಉಳಿದ ಆನೆ ಗುಡ್ಡಯ್ಯ, ಮುದುಕ. ಆ ರಾಜ್ಯದಲ್ಲಿ ಆನೆಗಳು ಮಾತಾಡುತ್ತಿದ್ದವು, ಹೆಚ್ಚಿನದೆಲ್ಲ ದೂರು.

ಹೊತ್ತು ಹುಟ್ಟಿತು. ಕಾಲಾಳು ನಾಲ್ಕನೆಯ ಸಾಲಿನಲ್ಲಿ ನಿಂತ, ಅವನ ಮಗ್ಗುಲಲ್ಲಿ ಕಾಳಂಜ. ಹೊನ್ನಾಜಿ ಮೂರನೆಯ ಸಾಲು ಹಿಡಿದಳು. ಹೋದಳು, ಬಂದಳು. ಮತ್ತೆ ಹೋದಳು, ಬಂದಳು.

"ಅಮ್ಮಣ್ಣಿ, ಗಾಣದ ಎತ್ತಾದರೂ ಎಣ್ಣೆ ಕಾಣುತ್ತೆ" ಎಂದ ಗುಡ್ಡಯ್ಯ.

"ನಡಿ."

"ನಡೀತಾನೇ ಇದ್ದೀನಲ್ಲ. ಎಲ್ಲಿಗೆ ಅಂತ ಕೇಳ್ದೆ, ಅಷ್ಟೆ."

ಕಾಳಂಜ ನಕ್ಕ. "ಏನಮ್ಮಾ ರಾಜಕುಮಾರಿ, ಸುಮ್ಮನೆ ಓಡಾಡ್ತಿದ್ದೀಯಾ?"

ಕಳದ ಸುತ್ತ ನೆರೆದ ಜನ ಹೊನ್ನಾಜಿಯ ಕಡೆಗೆ ತಿರುಗಿದರು.

"ಹೌದು" ಎಂದಳು ಹೊನ್ನಾಜಿ. "ಸುಮ್ಮನೆ."

ಅರಸನ ಮನೆತನದಲ್ಲಿ ಯಾರೂ ಆಡದ ಮಾತು ಅದು. ಮುದುಕಿಯೊಬ್ಬಳು ಕಿವಿ ಮುಚ್ಚಿಕೊಂಡಳು. ಹೊನ್ನಾಜಿ ಆ ತುದಿ ಮುಟ್ಟಿ ತಿರುಗಿದಳು.

ಬಿಸಿಲು ನೆತ್ತಿಗೇರಿ ಇಳಿಯಿತು. ಕಲ್ಲಾನೆ ಅತ್ತ ಇತ್ತ ಸುತ್ತಿ ದಾರಿ ಹುಡುಕಿತು. ದಾರಿ ಇರಲಿಲ್ಲ. ಆದರೆ ಎದುರಿಗೆ ಕಾಲಾಳಿನ ಕಲ್ಲಿನ ಕಣ್ಣುಗಳನ್ನು ನೋಡುತ್ತಾ ನಿಂತ ಅರಸ ಮತ್ತೆ ಕೂಗಿದ.

"ಹೊನ್ನಾಜಿ, ಇತ್ತ ಬಾ. ನನ್ನ ಮಗ್ಗುಲಲ್ಲಿ ನಿಲ್ಲು."

"ಬರೋದಿಲ್ಲ, ಅಪ್ಪಾಜಿ."

"ಇದು ಅಪ್ಪಣೆ."

"ಹೋದ ವರ್ಷ ಅಣ್ಣನಿಗೆ ಕೊಟ್ಟಿದ್ದೂ ಇದೇ ಅಪ್ಪಣೆ."

ಅರಸ ಸಣ್ಣ ದನಿಯಲ್ಲಿ, "ನನಗೆ ಹೆದರಿಕೆ ಆಗ್ತಿದೆ, ಮಗು" ಎಂದ.

"ನಾನು ಅಲ್ಲಿಗೆ ಬಂದರೆ ಮರವಾಗ್ತೀರಿ. ಇಲ್ಲೇ ಇದ್ದರೆ ಬರೀ ಹೆದರ್ತೀರಿ. ಹೆದರಿ, ಅಪ್ಪಾಜಿ. ಆದರೆ ಅಲ್ಲೇ ನಿಂತಿರಿ."

ಅರಸ ನಿಂತ. ಹೆದರುತ್ತಲೇ ನಿಂತ. ಹೊನ್ನಾಜಿ ಹೋದಳು, ಬಂದಳು.

ಸೂರ್ಯ ಪಡುವಣಕ್ಕೆ ವಾಲಿದ. ಕಾಳಂಜನಿಗೆ ತಾಳ್ಮೆ ತಪ್ಪಿತು. ತನಗೆ ಮೂರನೆಯ ಸಾಲಿನ ಒಳಗೆ ಹೋಗಲು ಬಿಡದಿದ್ದರೆ ಕಾಲಾಳೇ ಹೋಗಲಿ ಎಂದುಕೊಂಡು ಕೈ ಬೀಸಿದ. ಕಲ್ಲಿನ ಪಾದ ಮೂರನೆಯ ಸಾಲನ್ನು ತುಳಿಯಿತು. ನೆಲ ಗುಡುಗಿತು.

"ಗುಡ್ಡಯ್ಯ, ಈಗ. ಬಡಗಣ ತುದಿಗೆ."

"ಈಗ ಬಿಡೋದಾ? ಬೆಳಗಿಂದ ಇದೇ ಸಾಲು ಸಾಲು ಅಂತ ನನ್ನ ಕಾಲು ಸವೆಸಿ..."

"ಈಗಲೇ."

ಆನೆ ನೇರ ಹಾದಿಯಲ್ಲಿ ಒಂದೇ ಓಟಕ್ಕೆ ಕಳದ ಆಚೆ ತುದಿ ಮುಟ್ಟಿತು. ಜನ ಹೋ ಎಂದರು. "ಓಡಿಹೋದಳು, ಅಪ್ಪನ್ನ ಬಿಟ್ಟು ಓಡಿಹೋದಳು." ಹೊನ್ನಾಜಿ ತಿರುಗಿ ನೋಡಲಿಲ್ಲ. ಕಾಳಂಜನ ಬೆನ್ನಿನ ನೇರಕ್ಕೆ ಆನೆಯನ್ನು ನಿಲ್ಲಿಸಿದಳು. ಗುಡ್ಡಯ್ಯ ಘೀಳಿಟ್ಟ.

ಆ ಕಳದ ಕಟ್ಟಳೆ ಹೀಗಿತ್ತು: ಆನೆ ನೇರಕ್ಕೆ ನಿಂತು ಘೀಳಿಟ್ಟರೆ ರಾಜನಾದವನು ಬೇರೆಲ್ಲ ಬಿಟ್ಟು ಮೊದಲು ತನ್ನನ್ನು ಕಾಯ್ದುಕೊಳ್ಳಬೇಕು. ಕಾಳಂಜ ಪಕ್ಕದ ಮನೆಗೆ ಹಾರಿದ. ಗುಡ್ಡಯ್ಯ ಆ ನೇರಕ್ಕೂ ಬಂದು ಘೀಳಿಟ್ಟ. ಅವಿತುಕೊಳ್ಳಲು ಕಾಳಂಜ ಮರೆ ಹುಡುಕಿದ. ಕಾಲಾಳು ಬೆಳಗಿನಿಂದ ನಿಂತಿದ್ದ ಮನೆಯ ಮುಂದೆ, ಮೂರನೆಯ ಸಾಲಿನಲ್ಲಿದ್ದ ಮನೆಯೊಂದೇ ಅವನಿಗೆ ಮರೆಯಾಗಬಹುದಾಗಿತ್ತು. ಆ ಮನೆಗೆ ಈಗ ಅವನೇ ಕಾಲಾಳನ್ನು ಕಳಿಸಿ ಕೂರಿಸಿದ್ದ. ಕಾಲಾಳಿನ ಹತ್ತಿರ ಇದ್ದರೆ ಬೆನ್ನಿಗೆ ಘೀಳು. ಬಿಟ್ಟು ದೂರ ಹೋದರೆ ಕಾಲಾಳಿಗೆ ಕಾವಲು ಕಡಿಮೆ. ಓಡಿದ, ಮರಳಿದ, ಮತ್ತೆ ಓಡಿದ. ಅವನ ಮಂತ್ರವೆಲ್ಲ ಏದುಸಿರಿನಲ್ಲಿ ತುಂಡುತುಂಡಾಯಿತು.

"ಈಗ ಯಾರಪ್ಪಾ ಸುಮ್ಮನೆ ಓಡಾಡ್ತಿರೋದು?" ಎಂದ ಗುಡ್ಡಯ್ಯ. ಬೆಳಗಿನಿಂದ ಅವನು ಸಂತೋಷವಾಗಿ ಆಡಿದ ಮಾತು ಅದೊಂದೇ.

ಸೂರ್ಯ ಪಡುವಣ ಅಂಚಿನ ಮೇಲೆ ಗೇಣುದ್ದ ಉಳಿದಿದ್ದ. ಕಾಳಂಜ ನಿಂತು ಕೈ ಎತ್ತಿದ.

"ಸಾಕು. ರಾಜಿ ಮಾಡಿಕೊಳ್ಳೋಣ. ನಿನ್ನ ಅಣ್ಣನನ್ನ ಕೊಡ್ತೀನಿ, ಈಗಲೇ, ಈ ಗಳಿಗೆಯಲ್ಲೇ. ಆಟ ನಿಲ್ಲಿಸು. ಮೂಡಣ ಪಡುವಣ ನಾಡುಗಳು ನನಗಿರಲಿ."

ಅವನು ಬೆರಳು ಆಡಿಸಿದ. ಕಳದ ಅಂಚಿನಲ್ಲಿ ಬೆಟ್ಟರಸನ ಮರದ ರೆಪ್ಪೆ ಮಿಡುಕಿತು. ತುಟಿಗೆ ಬಣ್ಣ ಬಂತು.

"ತಂಗೀ" ಎಂದ ಅವನು. ಅವನದೇ ದನಿ. "ಕಾಲು ಇನ್ನೂ ಮರವಾಗಿದೆ, ಹೊನ್ನಾಜಿ. ಬೇಗ ಒಪ್ಪಿಕೋ."

"ಅಮ್ಮಣ್ಣಿ, ಸೂರ್ಯ ಇನ್ನೂ ಇದ್ದಾನೆ" ಎಂದ ಗುಡ್ಡಯ್ಯ ಮೆಲ್ಲಗೆ. "ನನ್ನ ಕಾಲಲ್ಲಿ ಕಸುವು ಎಷ್ಟಿದೆ ಅಂತ ನನಗೇ ಗೊತ್ತಿಲ್ಲ. ಸುಳ್ಳು ಹೇಳಲಾರೆ."

ಆ ಸಂಜೆ ಏನಾಯಿತೆಂಬುದು ಎಲ್ಲರಿಗೂ ಗೊತ್ತಿದೆ. ಸೂರ್ಯ ಮುಳುಗಿದ, ಕಲ್ಲಿನ ಕಾಲಾಳು ಜಲ್ಲಿಯಾಗಿ ಉದುರಿದ, ಕಾಳಂಜ ಯಾರೂ ಹೆದರದ ಬರೀ ಮುದುಕನಾಗಿ ಬೆಟ್ಟ ಹತ್ತಿ ಹೋದ. ಮೂಡಣದಲ್ಲೂ ಪಡುವಣದಲ್ಲೂ ಬೊಂಬೆಗಳು ಆಕಳಿಸಿ ಮೈಮುರಿದು ಎದ್ದವು. ನಿಲ್ಲಿಸಿದ್ದ ಜಗಳಗಳನ್ನು ನಿಲ್ಲಿಸಿದ್ದಲ್ಲಿಂದಲೇ ಮುಂದುವರಿಸಿದವು. ಸಿಂಗಯ್ಯ ಮೀಸೆಯ ಗೆದ್ದಲು ಕೊಡವಿಕೊಂಡ. ಬೆಟ್ಟರಸ ಎರಡೂ ಕಾಲಿನಲ್ಲಿ ನಡೆದು ಮನೆಗೆ ಬಂದ. ಎಲ್ಲರೂ ಬಹುಕಾಲ ಸುಖವಾಗಿ ಬಾಳಿದರು.

ಅದೆಲ್ಲ ಆಮೇಲೆ ಆದದ್ದು. ಅಣ್ಣ ಕೈ ಚಾಚಿ ನಿಂತಿದ್ದ ಆ ಗಳಿಗೆಯಲ್ಲಿ ಹೊನ್ನಾಜಿಗೆ ಅದು ಯಾವುದೂ ಗೊತ್ತಿರಲಿಲ್ಲ. ಅವಳಿಗೆ ಗೊತ್ತಿದ್ದದ್ದು ಮುಂದಿನ ನಡೆ ಒಂದೇ.

"ಇಲ್ಲ" ಎಂದಳು. ಅಣ್ಣನ ಮುಖದಿಂದ ಕಣ್ಣು ಕಿತ್ತು, ಗುಡ್ಡಯ್ಯನ ಕಿವಿಯ ಹಿಂದೆ ಹಿಮ್ಮಡಿ ಒತ್ತಿ, ಆನೆಯನ್ನು ಮತ್ತೆ ಕಾಳಂಜನ ನೇರಕ್ಕೆ ನಡೆಸಿದಳು.